ಮಾರುಕಟ್ಟೆ ಜಾತಿ ಕೇಳುವುದಿಲ್ಲವೇ?

ಮುಕ್ತ ಮಾರುಕಟ್ಟೆಯೇ ವರ್ಣಭೇದದ ದೊಡ್ಡ ಶತ್ರು ಎಂಬುದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲಿ ಮಂಡಿಸಿದ ವಾದ. ರೊಟ್ಟಿ ಕೊಳ್ಳುವವನು ಗೋಧಿ ಬೆಳೆದವನ ಮೈಬಣ್ಣ ವಿಚಾರಿಸುವುದಿಲ್ಲ. ಭೇದವೆಣಿಸುವ ವ್ಯಾಪಾರಿ ನಷ್ಟ ಅನುಭವಿಸುತ್ತಾನೆ. ಸ್ನಾತಕೋತ್ತರ ತರಗತಿಯಲ್ಲಿ ಈ ತರ್ಕಕ್ಕೆ ಮಾರುಹೋಗಿದ್ದೆ. ಮುಂದೆ ಸರ್ಕಾರಿ ಸೇವೆಯಲ್ಲಿ ಹೊಸಪೇಟೆ, ಸಂಡೂರು, ಕಂಪ್ಲಿಗಳನ್ನು ಸುತ್ತುವಾಗ ಅದರಲ್ಲಿ ಬಿಟ್ಟುಹೋದ ಪ್ರಶ್ನೆಯೊಂದು ಕಾಡತೊಡಗಿತು: ಮಾರುಕಟ್ಟೆಯ ಬಾಗಿಲಿಗೆ ಯಾರು ಏನನ್ನು ಹಿಡಿದು ಬರುತ್ತಾರೆ?

ರೈಲು ಬರುವ ಮುನ್ನ ಈ ಸೀಮೆಗೆ ಉಪ್ಪು, ಧಾನ್ಯ ಹೊತ್ತು ತರುತ್ತಿದ್ದವರು ಲಂಬಾಣಿ, ಕೊರವ ಸಮುದಾಯಗಳ ಅಲೆಮಾರಿ ವರ್ತಕರು. ಸ್ವತಂತ್ರ ವ್ಯಾಪಾರಕ್ಕೆ ಅವರಿಗಿಂತ ಒಳ್ಳೆಯ ನಿದರ್ಶನ ಬೇಕೆ? ಬ್ರಿಟಿಷರ ಉಪ್ಪಿನ ನೀತಿ ಮತ್ತು ರೈಲುಮಾರ್ಗ ಅವರ ಕಸುಬನ್ನು ಕಿತ್ತುಕೊಂಡವು. ಬಳಿಕ, 1871ರ ಕ್ರಿಮಿನಲ್ ಬುಡಕಟ್ಟು ಕಾಯಿದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿ, ಕೊರವರಂಥವರಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆ ಒತ್ತಿತು. ಆ ಸಂಶಯದ ನೆರಳು ಲಂಬಾಣಿಗಳನ್ನೂ ಬಿಡಲಿಲ್ಲ. ಹೊಸಪೇಟೆ, ಕಂಪ್ಲಿಗಳು ಆಗ ಮದ್ರಾಸಿನ ಆಡಳಿತದಲ್ಲಿದ್ದವು. 1952ರಲ್ಲಿ ಪಟ್ಟಿ ರದ್ದಾಯಿತು. ಕಳೆದುಹೋದ ಬಂಡವಾಳ ಮರಳಲಿಲ್ಲ.

2000ದ ನಂತರ ಚೀನಾದ ಬೇಡಿಕೆಯಿಂದ ಸಂಡೂರಿನ ಅದಿರಿಗೆ ಚಿನ್ನದ ಬೆಲೆ ಬಂತು. ಗುತ್ತಿಗೆ, ಲಾರಿ, ಬ್ಯಾಂಕ್ ಸಾಲ ಇದ್ದವರು ಕೋಟ್ಯಧೀಶರಾದರು. ಅದಿರು ಒಡೆದು ಜರಡಿ ಹಿಡಿಯುತ್ತಿದ್ದವರಲ್ಲಿ ನಾನು ಕಂಡ ಬಹುಪಾಲು ಜನ ಪರಿಶಿಷ್ಟ ಜಾತಿ, ಪಂಗಡಗಳ ಭೂರಹಿತರು. ಯಾರೂ ಅವರ ಜಾತಿ ಕೇಳಿರಲಿಲ್ಲ, ನಿಜ. ಕೇಳುವ ಅಗತ್ಯವೇ ಇರಲಿಲ್ಲ. ಆ ಪ್ರಶ್ನೆಗೆ ಚರಿತ್ರೆ ಮೊದಲೇ ಉತ್ತರ ಬರೆದಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಸಲ್ಲಿಕೆಯಾಗಿ, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಉಳ್ಳವರು ಉಳಿತಾಯದಿಂದ ಬದುಕಿದರು. ಕೂಲಿಕಾರರಿಗೆ ಮರುದಿನದ ಗಂಜಿಯೇ ಚಿಂತೆಯಾಯಿತು.

ಹಾಗೆಂದು ನಾನು ಮಾರುಕಟ್ಟೆಯ ವಿರೋಧಿಯಲ್ಲ. 1984ರಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಹೊರದೇಶಗಳನ್ನು ತಲುಪಿದೆ. ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ವೇಳೆ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಲ್ಲಿ ಅದೇ ಮಾರುಕಟ್ಟೆ ಗೌರವ ತಂದಿತು. ಏಕೆಂದರೆ ಕುಶಲತೆ ಅವರದು, ಅದಕ್ಕೊಂದು ಸಂಸ್ಥೆಯ ಆಸರೆಯಿತ್ತು, ಹೆಸರಿಗೆ ಕಾನೂನಿನ ರಕ್ಷಣೆಯಿತ್ತು.

ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಸಂಗ್ರಹವಾಗಿದೆ. ಅದು ರಸ್ತೆ, ಕಟ್ಟಡಗಳಲ್ಲೇ ಮುಗಿಯಬಾರದು. ತಾಂಡಾ, ಕೇರಿಗಳ ಕುಟುಂಬಗಳಿಗೆ ಶಿಕ್ಷಣ, ಕೌಶಲ, ಸಹಕಾರಿ ಬಂಡವಾಳವಾಗಿ ತಲುಪಬೇಕು. ಬರಿಗೈಯಲ್ಲಿ ಬಂದವನಿಗೆ ಮುಕ್ತ ಮಾರುಕಟ್ಟೆ ಕೊಡುವ ಸ್ವಾತಂತ್ರ್ಯ ಒಂದೇ: ತನ್ನ ತೋಳನ್ನು ಅಗ್ಗಕ್ಕೆ ಮಾರಿಕೊಳ್ಳುವುದು.