ಅಣ್ಣಂದಿರ ಲೆಕ್ಕ

ಮೈಸೂರಿನ ಕೃಷ್ಣಮೂರ್ತಿಪುರಂನಿಂದ ಆಟೊ ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಮಾನಸಗಂಗೋತ್ರಿ. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದ ಡ್ರೊಸೊಫಿಲಾ ಸ್ಟಾಕ್ ಸೆಂಟರ್‌ನಲ್ಲಿ ಹಣ್ಣುನೊಣಗಳ ಬಗೆಬಗೆಯ ತಳಿಗಳನ್ನು ಸೀಸೆಗಳಲ್ಲಿ ಸಾಕುತ್ತಾರೆ. ಕಳಿತ ರಸಬಾಳೆಗೆ ಮುತ್ತುತ್ತವಲ್ಲ, ಅದೇ ಕುಲದ ನೊಣಗಳು. ಗಂಡು ಗಂಡನ್ನೇ ಬಯಸುವುದೇಕೆ ಎಂಬ ಪ್ರಶ್ನೆಗೆ ಜೀವವಿಜ್ಞಾನಕ್ಕೆ ಸಿಕ್ಕ ಗಟ್ಟಿ ಸುಳಿವುಗಳಲ್ಲಿ ಒಂದು ಈ ನೊಣದ್ದು. ಗಂಡುಗಳ ಬೆನ್ನು ಬೀಳುವ ಗಂಡುನೊಣಗಳನ್ನು 1963ರಲ್ಲಿ ಕುಲ್ಬೀರ್ ಗಿಲ್ ಗುರುತಿಸಿದರು. ಕಾರಣವಾದ ಜೀನ್‌ಗೆ ಮುಂದೆ ಫ್ರೂಟ್‌ಲೆಸ್ ಎಂಬ ಹೆಸರಾಯಿತು. 2005ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಅದರ ಗಂಡುರೂಪವನ್ನು ಹೆಣ್ಣುನೊಣಗಳಲ್ಲಿ ಕೆಲಸಕ್ಕೆ ಹಚ್ಚಿದಾಗ ಅವು ಹೆಣ್ಣುಗಳನ್ನೇ ಓಲೈಸತೊಡಗಿದವು.

ಮನುಷ್ಯರಲ್ಲಿ ಇಂಥ ಒಂದೇ ಜೀನ್ ಇಲ್ಲ. 2019ರಲ್ಲಿ ಸುಮಾರು 4.77 ಲಕ್ಷ ಜನರ ಡಿಎನ್‌ಎ ಜಾಲಾಡಿದಾಗ ಸಲಿಂಗ ಸಂಬಂಧದ ಜೊತೆ ಸ್ಪಷ್ಟವಾಗಿ ನಂಟು ಕಂಡದ್ದು ಐದೇ ತಾಣಗಳಲ್ಲಿ, ಅದೂ ತೀರಾ ಸಣ್ಣ ನಂಟು. ಪರೀಕ್ಷಿಸಿದ ಎಲ್ಲ ಆನುವಂಶಿಕ ವ್ಯತ್ಯಾಸಗಳನ್ನು ಕೂಡಿಸಿದರೂ ಈ ವಿಷಯದಲ್ಲಿ ಜನರ ನಡುವಿರುವ ವ್ಯತ್ಯಾಸದಲ್ಲಿ ವಿವರಣೆ ಸಿಗುವುದು ಶೇ. 8ರಿಂದ 25ರಷ್ಟಕ್ಕೆ.

ಇಷ್ಟು ಕೇಳಿದರೆ ಸಾಕು, "ನೋಡಿ, ಹಾಗಾದ್ರೆ ಇದು ಸಹವಾಸ ದೋಷವೇ" ಎನ್ನುವವರಿದ್ದಾರೆ. ಅವಸರದ ಮಾತು ಅದು. ಜೀನ್‌ನಿಂದ ಬಾರದ್ದೆಲ್ಲ ಬೀದಿಯಿಂದಲೇ ಬರಬೇಕಿಲ್ಲ. ನಡುವೆ ಒಂಬತ್ತು ತಿಂಗಳಿವೆ.

ಕೆನಡಾದ ರೇ ಬ್ಲಾಂಚರ್ಡ್ ಮತ್ತು ಆಂಟನಿ ಬೊಗಾರ್ಟ್ 1996ರಲ್ಲಿ ಒಂದು ವಿಚಿತ್ರ ಲೆಕ್ಕ ಮುಂದಿಟ್ಟರು. ಅಣ್ಣಂದಿರು ಹೆಚ್ಚಿದಷ್ಟೂ ತಮ್ಮ ಸಲಿಂಗಪ್ರೇಮಿಯಾಗುವ ಸಾಧ್ಯತೆ ಹೆಚ್ಚುತ್ತದೆ, ಒಬ್ಬೊಬ್ಬ ಅಣ್ಣನಿಗೂ ಸುಮಾರು ಮೂರನೇ ಒಂದು ಪಾಲು. ಅಕ್ಕಂದಿರಿಂದ ಈ ಪರಿಣಾಮ ಕಾಣಲಿಲ್ಲ. ಗಾಬರಿಯಾಗಬೇಕಿಲ್ಲ: ಮೊದಲ ಮಗನಲ್ಲಿ ಸಾಧ್ಯತೆ ನೂರಕ್ಕೆ ಎರಡು ಎಂದಿಟ್ಟುಕೊಂಡರೆ ಮೂರನೆಯವನಲ್ಲಿ ಅದು ಮೂರೂವರೆ. ಅಜ್ಜಿಯ ಕಾಲದ ಆರೇಳು ಗಂಡುಮಕ್ಕಳ ಮನೆಗಳಲ್ಲೂ ಕಿರಿಯವರಲ್ಲಿ ಬಹುಪಾಲು ಮಂದಿ ಹೆಣ್ಣನ್ನೇ ಬಯಸಿದವರು.

ಅಣ್ಣಂದಿರ ನಡುವೆ ಬೆಳೆದದ್ದೇ ಕಾರಣವಿರಬಹುದೆ? 2006ರಲ್ಲಿ ಬೊಗಾರ್ಟ್ ಅದನ್ನೂ ಅಳೆದರು. ಜೊತೆಯಲ್ಲೇ ಬೆಳೆದ ಮಲ ಅಣ್ಣ, ದತ್ತು ಅಣ್ಣಂದಿರಿಂದ ಯಾವ ಪರಿಣಾಮವೂ ಇಲ್ಲ. ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಬೇರೆಡೆ ಬೆಳೆದ ಅಣ್ಣನಿಂದ ಪರಿಣಾಮ ಇದೆ. ಅಲ್ಲಿಗೆ ಒಟ್ಟಿಗೆ ಬೆಳೆದದ್ದೇ ಕಾರಣವೆಂಬ ವಾದ ಬಿತ್ತು. ಗಂಡುಭ್ರೂಣದ ವೈ ಕ್ರೋಮೋಸೋಮಿನಿಂದಾದ ಪ್ರೋಟೀನನ್ನು ತಾಯಿಯ ದೇಹ ಪರಕೀಯವೆಂದು ಬಗೆದು ಪ್ರತಿಕಾಯ ತಯಾರಿಸುತ್ತದೆ, ಅದು ಮುಂದಿನ ಮಗನ ಮಿದುಳನ್ನು ತಾಕುತ್ತದೆ ಎಂಬುದು ಅವರ ಊಹೆ. ಸಲಿಂಗಪ್ರೇಮಿ ಗಂಡುಮಕ್ಕಳ ತಾಯಂದಿರ ರಕ್ತದಲ್ಲಿ ವೈ ಕ್ರೋಮೋಸೋಮಿನದೇ ಆದ ಎನ್‌ಎಲ್‌ಜಿಎನ್4ವೈ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಹೆಚ್ಚಿದ್ದದ್ದು 2017ರಲ್ಲಿ ವರದಿಯಾಯಿತು. ಆದರೆ ಅಣ್ಣಂದಿರೇ ಇಲ್ಲದ ಸಲಿಂಗಪ್ರೇಮಿಗಳೂ ಧಾರಾಳವಾಗಿದ್ದಾರೆ. ಎಲ್ಲರಿಗೂ ಈ ಒಂದೇ ದಾರಿಯಲ್ಲ.

ಅಣ್ಣಂದಿರ ಈ ಲೆಕ್ಕ ಗಂಡಸರದು. ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಬಗ್ಗೆ ನಡೆದ ಅಧ್ಯಯನಗಳು ಕಡಿಮೆ. ಗಂಡಸರಲ್ಲಿ ಕಂಡದ್ದನ್ನೇ ಅವಳಿಗೂ ಅಂಟಿಸಿ ಮುಗಿಸುವ ಚಾಳಿ ಈ ವಿಷಯದ ಬರವಣಿಗೆಯಲ್ಲಿ ಇನ್ನೂ ಹೋಗಿಲ್ಲ.