ಟ್ರ್ಯಾಕ್ಟರು ಮತ್ತು ಕಾರುಗಳ ರೇಡಿಯೇಟರನ್ನು ಮನೆಯಲ್ಲಿಯೇ ಶುದ್ಧಿಮಾಡುವ ಕ್ರಮ

ನಮ್ಮ ಗ್ರಾಮಗಳಲ್ಲಿ ಟ್ರ್ಯಾಕ್ಟರು, ಜೀಪು, ಕಾರು ಮೊದಲಾದ ವಾಹನಗಳು ಈಗ ಹೇರಳವಾಗಿವೆ. ಅವುಗಳಿಗೆ ಎಣ್ಣೆ ಹಾಕುವುದರಲ್ಲಿ ಜಾಗರೂಕರಾಗಿರುವ ಒಡೆಯರಲ್ಲಿಯೂ ಅನೇಕರು ನೀರಿನ ವಿಷಯದಲ್ಲಿ ಉದಾಸೀನರಾಗಿರುವರು. ಬಿತ್ತನೆಯ ಕಾಲದಲ್ಲಿ ಎಂಜಿನು ಅತಿಯಾಗಿ ಕಾದು ಹೊಲದ ನಡುವೆ ನಿಂತರೆ ಹದವು ತಪ್ಪುವುದಲ್ಲದೆ ರಿಪೇರಿಯ ವೆಚ್ಚವೂ ಮೇಲೆ ಬೀಳುವುದು. ಈ ನಷ್ಟವನ್ನು ಅರ್ಧ ದಿನದ ಕೆಲಸದಿಂದ ತಪ್ಪಿಸಬಹುದು. ಆದರೆ ಈ ಕೆಲಸದಲ್ಲಿ ಮೈ ಸುಡುವ ಅಪಾಯವೊಂದು, ವಿಷದ ಅಪಾಯವೊಂದು ಉಂಟು. ಇವೆರಡನ್ನೂ ತಿಳಿದೇ ಕೈಹಾಕತಕ್ಕದ್ದು.

ನೀರಿನ ಕೆಲಸವೂ ಗಡುಸು ನೀರಿನ ಕೇಡೂ

ಎಣ್ಣೆಯು ಉರಿದು ಹುಟ್ಟುವ ಶಾಖದಲ್ಲಿ ದೊಡ್ಡದೊಂದು ಪಾಲನ್ನು ನೀರು ಹೊತ್ತು ರೇಡಿಯೇಟರಿಗೆ ತರುವುದು. ಅಲ್ಲಿ ಗಾಳಿಯು ಅದನ್ನು ತಣಿಸುವುದು. 1900ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ ಎಂಬ ಶಿಲ್ಪಿಯು 8,070 ಸಣ್ಣ ನಳಿಗೆಗಳನ್ನು ಜೇನುಗೂಡಿನಂತೆ ಕೂಡಿಸಿ ಮರ್ಸಿಡಿಸ್ ಕಾರಿಗೆ ರೇಡಿಯೇಟರನ್ನು ರಚಿಸಿದನು. ನೀರು ಸಣ್ಣ ಸಣ್ಣ ಹಾದಿಗಳಲ್ಲಿ ಹಂಚಿಹೋದಷ್ಟೂ ಬೇಗ ತಣಿಯುವುದೆಂಬುದೇ ಇದರ ತತ್ತ್ವವು. ಹಾದಿಗಳು ಇಷ್ಟು ಕಿರಿದಾಗಿರುವುದರಿಂದಲೇ ಅವು ಬೇಗ ಕಟ್ಟಿಕೊಳ್ಳುವ ಸಂಭವವೂ ಹೆಚ್ಚು.

ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡುಸಾಗಿರುವುದು. ಇಂಥ ನೀರು ಕಾದಾಗ ಅದರಲ್ಲಿನ ಸುಣ್ಣದಂಶವು ಬೇರ್ಪಟ್ಟು, ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವಂತೆಯೇ ಎಂಜಿನಿನೊಳಗೂ ಬಿಳಿಯ ಹೊಪ್ಪಳಿಕೆಯಾಗಿ ಕಟ್ಟುವುದು. ಈ ಹೊಪ್ಪಳಿಕೆಯು ಎರಕದ ಕಬ್ಬಿಣದಷ್ಟು ಸುಲಭವಾಗಿ ಶಾಖವನ್ನು ಹಾಯಗೊಡದು. ಅದರ ಶಕ್ತಿಯು ಕಬ್ಬಿಣದ ಹತ್ತನೆಯ ಒಂದು ಪಾಲಿಗಿಂತಲೂ ಕಡಮೆ. ಇದರೊಡನೆ ತುಕ್ಕೂ ಸೇರಿದರೆ ಎಂಜಿನು ಕಾಯುವುದರಲ್ಲಿ ಆಶ್ಚರ್ಯವಿಲ್ಲ.

ಬಿಸಿಯಾದ ಮುಚ್ಚಳವನ್ನು ತೆರೆಯಕೂಡದು

ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ತಡೆದು ಹಿಡಿಯುವುದು. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೂ ದ್ರವವಾಗಿಯೇ ಇರಬಲ್ಲದು. ಮುಚ್ಚಳವನ್ನು ತೆಗೆದೊಡನೆ ಒತ್ತಡವಿಳಿದು, ನೀರು ಥಟ್ಟನೆ ಹಬೆಯಾಗಿ ಮುಖಕ್ಕೂ ಕೈಗೂ ಚಿಮ್ಮುವುದು. ಆದಕಾರಣ ಈ ಕೆಲಸವನ್ನು ರಾತ್ರಿಯೆಲ್ಲಾ ನಿಂತ ಎಂಜಿನಿಗೆ ಬೆಳಗ್ಗೆಯೇ ಮಾಡತಕ್ಕದ್ದು. ವಾಹನವು ಸಮನೆಲದಲ್ಲಿರಲಿ, ಚಕ್ರಗಳಿಗೆ ಅಡ್ಡಗಲ್ಲು ಕೊಡಿರಿ, ಕೀಲಿಯನ್ನು ತೆಗೆದಿಡಿರಿ.

ಬಸಿಯುವುದು, ತೊಳೆಯುವುದು

ರೇಡಿಯೇಟರಿನ ಕೆಳಗೆ ಅಗಲವಾದ ಬಾನಿಯನ್ನಿಟ್ಟು, ಮೇಲಿನ ಮುಚ್ಚಳವನ್ನು ತೆಗೆದು, ತಳದ ನಲ್ಲಿಯನ್ನು ತಿರುಗಿಸಿರಿ. ನಲ್ಲಿಯಿಲ್ಲದಿದ್ದರೆ ಕೆಳಗಿನ ರಬ್ಬರು ಕೊಳವೆಯನ್ನು ಕಳಚಬಹುದು. ಎಂಜಿನಿನ ಪಕ್ಕದಲ್ಲಿ ನೀರು ಬಸಿಯುವ ಬಿರಡೆಯಿದ್ದರೆ ಅದನ್ನೂ ಬಿಚ್ಚತಕ್ಕದ್ದು. ಬಸಿದ ನೀರನ್ನು ಪರೀಕ್ಷಿಸಿರಿ. ಅದು ಕೆಂಪಾಗಿದ್ದರೆ ತುಕ್ಕು. ಮೇಲೆ ಎಣ್ಣೆಯ ಜಿಡ್ಡು ತೇಲಿದರೆ ಒಳಗೆಲ್ಲಿಯೋ ಎಣ್ಣೆಗೂ ನೀರಿಗೂ ಸಂಪರ್ಕವಾಗಿದೆಯೆಂದು ತಿಳಿದು ಮೆಕ್ಯಾನಿಕ್ಕನಿಗೆ ತೋರಿಸತಕ್ಕದ್ದು. ಇದು ತೊಳೆಯುವುದರಿಂದ ಹೋಗುವ ದೋಷವಲ್ಲ.

ಅನಂತರ ನಲ್ಲಿಯನ್ನೂ ಬಿರಡೆಯನ್ನೂ ಭದ್ರಪಡಿಸಿ ಮೆದುವಾದ ನೀರನ್ನು ತುಂಬಿರಿ. ಶುದ್ಧವಾದ ಚಾವಣಿಯಿಂದ ಹಿಡಿದ ಮಳೆಯ ನೀರು ಇದಕ್ಕೆ ಬಹಳ ಒಳ್ಳೆಯದು. ಮುಚ್ಚಳ ಹಾಕಿ, ಮೇಲಿನ ಕೊಳವೆಯು ಬಿಸಿಯಾಗುವವರೆಗೂ ಎಂಜಿನನ್ನು ನಡೆಸಿರಿ. ಕಾರಿನಲ್ಲಿ ಹೀಟರಿದ್ದರೆ ಅದನ್ನೂ ತೆರೆದಿಡಿರಿ. ಮೇಲಿನ ಕೊಳವೆ ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ ತೆರೆದು ನೀರು ಎಲ್ಲೆಡೆಯೂ ಹರಿಯಿತೆಂದು ಅರ್ಥ. ನಿಲ್ಲಿಸಿ, ಸಂಪೂರ್ಣವಾಗಿ ಆರಿದ ಮೇಲೆ ಬಸಿಯಿರಿ. ತಿಳಿನೀರು ಬರುವವರೆಗೂ ಹೀಗೆಯೇ ಮಾಡತಕ್ಕದ್ದು. ಕಾದ ಎಂಜಿನಿಗೆ ತಣ್ಣೀರು ಹೊಯ್ದರೆ ಎರಕವು ಬಿರಿಯುವುದೆಂಬುದನ್ನು ಮರೆಯಕೂಡದು.

ಹೊಪ್ಪಳಿಕೆಯು ದಪ್ಪವಾಗಿದ್ದರೆ ರೇಡಿಯೇಟರಿಗೆಂದೇ ಮಾರುವ ದ್ರಾವಣವನ್ನು ಅದರ ಮೇಲಿನ ಸೂಚನೆಯಂತೆ ಬಳಸಬಹುದು. ಪಾಯಿಖಾನೆ ತೊಳೆಯುವ ಆಸಿಡ್ಡನ್ನಾಗಲಿ ಕಾಸ್ಟಿಕ್ ಸೋಡವನ್ನಾಗಲಿ ಎಂದಿಗೂ ಹಾಕಕೂಡದು. ಈಗಿನ ರೇಡಿಯೇಟರುಗಳಲ್ಲಿ ಬಹಳವಾಗಿರುವ ಅಲ್ಯುಮಿನಿಯಮ್ಮನ್ನು ಇವೆರಡೂ ತಿಂದುಹಾಕುವುವು.

ಮತ್ತೆ ತುಂಬುವುದು

ಕೊಳವೆಗಳು ಉಬ್ಬಿದ್ದರೆ ಅಥವಾ ಬಿರುಕುಬಿಟ್ಟಿದ್ದರೆ ಈಗಲೇ ಬದಲಾಯಿಸಿರಿ. ಕೂಲೆಂಟ್ ಎಂಬ ದ್ರವವು ಹಿಮದ ದೇಶಗಳಿಗೆ ಮಾತ್ರವೆಂದು ಕೆಲವರು ಭಾವಿಸುವರು. ಅದು ತುಕ್ಕನ್ನು ತಡೆಯುವುದು, ಕುದಿಯುವ ಮಟ್ಟವನ್ನೂ ಏರಿಸುವುದು; ಆದುದರಿಂದ ನಮ್ಮ ಬೇಸಗೆಗೂ ಅವಶ್ಯಕವು. ನೀರು ಬೆರೆಸಬೇಕಾದ ಬಗೆಯ ಕೂಲೆಂಟಿಗೆ ಸಾಮಾನ್ಯವಾಗಿ ಸಮಪಾಲು ಡಿಸ್ಟಿಲ್ಡ್ ವಾಟರ್ ಸೇರಿಸುವುದು ವಾಡಿಕೆ. ತೊಳೆದ ನೀರು ಸ್ವಲ್ಪ ಒಳಗೆ ಉಳಿದಿರುವುದರಿಂದ, 10 ಲೀಟರು ಹಿಡಿಯುವ ಯಂತ್ರಕ್ಕೆ ಮೊದಲು 5 ಲೀಟರು ಕೂಲೆಂಟನ್ನು ಹೊಯ್ದು, ಮಿಕ್ಕಿದ್ದನ್ನು ನೀರಿನಿಂದ ತುಂಬತಕ್ಕದ್ದು. ಬೆರೆಸಿಯೇ ಮಾರುವ ಕೂಲೆಂಟಿಗೆ ನೀರು ಸೇರಿಸಬೇಕಾಗಿಲ್ಲ. ಬಣ್ಣವನ್ನು ನಂಬಿ ಬೇರೆ ಬೇರೆ ಬಗೆಗಳನ್ನು ಕೂಡಿಸಬೇಡಿರಿ. ಯಂತ್ರದ ಕೈಪಿಡಿಯೇ ಪ್ರಮಾಣವು. ನಿಧಾನವಾಗಿ ಹೊಯ್ದು, ಮುಚ್ಚಳ ತೆರೆದಿಟ್ಟೇ ಸ್ವಲ್ಪ ಹೊತ್ತು ನಡೆಸಿ, ಗಾಳಿಯ ಗುಳ್ಳೆಗಳು ನಿಂತ ಮೇಲೆ ಮುಚ್ಚಿರಿ. ಮರುದಿನ ಬೆಳಗ್ಗೆ ಮಟ್ಟವನ್ನು ನೋಡತಕ್ಕದ್ದು.

ಬಸಿದ ನೀರು ವಿಷವು

ಸಾಮಾನ್ಯವಾದ ಕೂಲೆಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ವಿಷವುಂಟು. ಅದರ ರುಚಿ ಸಿಹಿಯಾಗಿರುವುದರಿಂದ ನಾಯಿ, ದನಕರು, ಮಕ್ಕಳು ಕುಡಿಯುವ ಸಂಭವವುಂಟು. ಶುದ್ಧ ಗ್ಲೈಕಾಲಾದರೆ ಸುಮಾರು 100 ಮಿಲಿಲೀಟರು ದೊಡ್ಡವರ ಪ್ರಾಣವನ್ನೇ ತೆಗೆಯಬಲ್ಲದು. ಮಕ್ಕಳಿಗೆ ಅದಕ್ಕಿಂತ ಬಹಳ ಕಡಮೆ ಸಾಕು. ಕುಡಿದವರು ಮೊದಲು ಅಮಲೇರಿದವರಂತೆ ತೋರುವರು. ಆಮೇಲೆ ಮೂತ್ರಪಿಂಡಗಳು ಕೆಡುವುವು. ಲಕ್ಷಣ ಕಾಣುವವರೆಗೆ ಕಾಯದೆ ಒಡನೆಯೇ ಆಸ್ಪತ್ರೆಗೆ ಒಯ್ಯತಕ್ಕದ್ದು; ಬೇಗ ಹೋದರೆ ಚಿಕಿತ್ಸೆಯುಂಟು. ಆದುದರಿಂದ ಬಸಿದ ನೀರನ್ನು ಕೊಟ್ಟಿಗೆಯ ಬಳಿಯಾಗಲಿ, ಚರಂಡಿ, ಕೆರೆ, ಬಾವಿಗಳ ಕಡೆಗಾಗಲಿ ಚೆಲ್ಲದೆ, ಮುಚ್ಚಳವಿರುವ ಡಬ್ಬದಲ್ಲಿ ಶೇಖರಿಸಿ, “ವಿಷ” ಎಂದು ಬರೆದು, ಅದನ್ನು ಸ್ವೀಕರಿಸುವ ಗ್ಯಾರೇಜಿಗೆ ಒಪ್ಪಿಸಿರಿ. ಕುಡಿಯುವ ನೀರಿನ ಬಾಟಲಿಗಳಲ್ಲಿ ಎಂದಿಗೂ ತುಂಬಿಡಬೇಡಿರಿ.

ಸುಗ್ಗಿಯಲ್ಲಿ ಹೊಟ್ಟು ಧೂಳುಗಳು ರೇಡಿಯೇಟರಿನ ಹೊರಗಿನ ಸಂದುಗಳನ್ನೂ ಮುಚ್ಚುವುವು. ಅವನ್ನು ಮೆದುವಾದ ಬ್ರಷ್ಷಿನಿಂದ ಆಗಾಗ ತೆಗೆಯತಕ್ಕದ್ದು. ಒಳಗಿನ ಶುದ್ಧಿಯನ್ನು ಕೈಪಿಡಿ ಹೇಳಿದ ಅವಧಿಗೆ, ಯುಗಾದಿಗೆ ಮುಂಚೆಯೇ ಮುಗಿಸಿದರೆ ಮುಂಗಾರು ಉಳುಮೆಗೆ ಯಂತ್ರವು ಸಿದ್ಧವಾಗಿರುವುದು. ಗ್ರಾಮದ ಮುಖಂಡರು ಚಾಲಕರನ್ನು ಒಂದು ದಿನ ಸೇರಿಸಿ ಈ ಕೆಲಸವನ್ನು ಎದುರಿಗೇ ಮಾಡಿಸಿ ತೋರಿಸಿದರೆ ಉತ್ತಮವು. ಮುಚ್ಚಳವನ್ನು ಯಾವಾಗ ತೆರೆಯಕೂಡದು, ಬಸಿದ ನೀರನ್ನು ಎಲ್ಲಿ ಚೆಲ್ಲಕೂಡದು ಎಂಬೀ ಎರಡು ಮಾತುಗಳನ್ನಾದರೂ ಪ್ರತಿಯೊಬ್ಬ ಚಾಲಕನೂ ತಿಳಿದಿರತಕ್ಕದ್ದು.