ಡಾಂಬರಿನಿಂದ ಬಂದ ಬಣ್ಣ

ಊರಿಗೆ ಹೊರಡುವ ಮುನ್ನ ಸೀರೆಯನ್ನೋ ರವಿಕೆ ಕಣವನ್ನೋ ಕೊಳ್ಳುವಾಗ ಅಂಗಡಿಯವನನ್ನು ನಾವೆಲ್ಲರೂ ತಪ್ಪದೆ ಕೇಳುವ ಪ್ರಶ್ನೆ, "ಬಣ್ಣ ಹೋಗುವುದಿಲ್ಲವಷ್ಟೆ?" ಎಂಬುದು. ಆ ಬಣ್ಣ ಬಂದದ್ದೆಲ್ಲಿಂದ ಎಂದು ಕೇಳುವವರು ಕಡಮೆ. ಆ ಕಥೆಯನ್ನು ಈ ಸಲ ವಾಚಕ ಬಂಧುಗಳ ಮುಂದಿಡುತ್ತೇವೆ.

ಹಿಂದೆ ಬಟ್ಟೆಯ ಬಣ್ಣಗಳೆಲ್ಲ ಹೆಚ್ಚಾಗಿ ಗಿಡ, ಬೇರು, ಹುಳುಗಳಿಂದಲೇ ಬರುತ್ತಿದ್ದವು. ನೀಲಿಗೆ ನೀಲಿಗಿಡ, ಕೆಂಪಿಗೆ ಮಂಜಿಷ್ಠದ ಬೇರು ಇಲ್ಲವೆ ಅರಗು. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ, ಈಸ್ಟರ್ ರಜೆಯಲ್ಲಿ ಮನೆಯಲ್ಲಿಯೇ ಮಲೇರಿಯದ ಮದ್ದಾದ ಕ್ವಿನೈನನ್ನು ತಯಾರಿಸಲು ಹೊರಟ. ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ಅನಿಲೀನ್ ಅವನ ಕಚ್ಚಾ ಸಾಮಗ್ರಿ. ಕ್ವಿನೈನ್ ಬರಲಿಲ್ಲ, ಪಾತ್ರೆಯ ತಳದಲ್ಲಿ ಕಪ್ಪು ಗಸಿ ಉಳಿಯಿತು. ಅದನ್ನು ಮದ್ಯಸಾರದಲ್ಲಿ ಕರಗಿಸಿದಾಗ ಸೊಗಸಾದ ನೇರಳೆ! ರೇಷ್ಮೆಗೆ ಹಚ್ಚಿದರೆ ಸಾಬೂನಿಗೂ ಬಿಸಿಲಿಗೂ ಜಗ್ಗಲಿಲ್ಲ. ಮರುವರ್ಷವೇ ಕಾರ್ಖಾನೆ ಎದ್ದಿತು. ಪ್ಯಾರಿಸ್, ಲಂಡನ್ನುಗಳ ಹೆಂಗಸರಿಗೆ ನೇರಳೆಯ ಹುಚ್ಚು ಹಿಡಿಯಿತು.

ಎಲ್ಲ ಕೃತಕ ಬಣ್ಣಗಳೂ ಹೀಗೆ ಗಟ್ಟಿಯಲ್ಲ. ಚಿತ್ರಕಾರ ವಾನ್ ಗೋ 1890ರಲ್ಲಿ ಬರೆದ ನಸುಗೆಂಪು ಗುಲಾಬಿಗಳು ಬೆಳಕಿಗೆ ಬಣ್ಣಗೆಟ್ಟು ಇಂದು ಬಹುಮಟ್ಟಿಗೆ ಬಿಳಿಯಾಗಿ ಕಾಣುತ್ತವೆ.

ವಿಜ್ಞಾನಕ್ಕಾದ ಲಾಭವಂತೂ ದೊಡ್ಡದು. ಬಣ್ಣವಿಲ್ಲದ ಕ್ರಿಮಿ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣದು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ಕಂಡದ್ದು ಮಿಥಿಲೀನ್ ನೀಲಿಯ ನೆರವಿನಿಂದ. 1891ರಲ್ಲಿ ಪೌಲ್ ಎರ್ಲಿಖ್ ಮತ್ತು ಅವನ ಸಂಗಡಿಗ ಅದೇ ನೀಲಿಯನ್ನು ಮಲೇರಿಯ ರೋಗಿಗಳಿಗೆ ಮದ್ದಾಗಿ ಕೊಟ್ಟು ಗುಣ ಕಂಡರು. ಪರ್ಕಿನ್ ಹುಡುಕಿದ ಮದ್ದು ಹೀಗೆ ಸುತ್ತುದಾರಿಯಲ್ಲಿ ಬಣ್ಣದಿಂದಲೇ ಬಂದಿತೆನ್ನಬಹುದು.

ಆದರೆ ಈ ಲಾಭಕ್ಕೆ ಬೆಲೆ ತೆತ್ತವರು ಯಾರು? 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದು ಗಿಡದ ನೀಲಿಯ ಬೆಲೆ ಕುಸಿಯಿತು. ಬಿಹಾರದ ಚಂಪಾರಣ್ಯದ ಬಿಳಿಯ ತೋಟಗಾರರು ಆ ನಷ್ಟವನ್ನು ಗೇಣಿ ಏರಿಸಿ ರೈತರ ತಲೆಗೆ ಕಟ್ಟಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದದ್ದು ನೀಲಿ ರೈತರ ಈ ಗೋಳನ್ನು ವಿಚಾರಿಸುವುದಕ್ಕಾಗಿ. ಇನ್ನೊಂದು ಕಡೆ, ಬಣ್ಣದ ಕಾರ್ಖಾನೆಯ ಕೆಲಸಗಾರರಿಗೆ ಮೂತ್ರಕೋಶದ ಗಂತಿಯಾಗುವುದನ್ನು 1895ರಲ್ಲಿಯೇ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ತೋರಿಸಿಕೊಟ್ಟಿದ್ದ. ಇಂಥ ಕೇಡಿನ ಕೆಲವು ಅಜೋ ಬಣ್ಣಗಳನ್ನು ನಮ್ಮ ಸರಕಾರ 1997ರಲ್ಲಿ ನಿಷೇಧಿಸಿತು.

ನಮ್ಮ ಬಂಧುಗಳಲ್ಲಿ ಬಣ್ಣದ ಕೆಲಸದಲ್ಲಿರುವವರಿದ್ದಾರೆ. ಅವರಿಗೆ ನಮ್ಮದೊಂದು ಬಿನ್ನಹ: ಬಣ್ಣದ ಪುಡಿಯನ್ನು ಬರಿಗೈಯಿಂದ ಮುಟ್ಟಬೇಡಿ, ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಲ್ಲಿಗೆ ಹೋಗಿ, ನಿಮ್ಮ ಕೆಲಸ ಇಂಥದೆಂದು ಬಾಯಿಬಿಟ್ಟು ಹೇಳಿ. ಬಟ್ಟೆಯ ಬಣ್ಣ ನಿಲ್ಲಬೇಕು, ನಿಜ. ಅದನ್ನು ಹಚ್ಚಿದವರ ಆಯುಷ್ಯವೂ ನಿಲ್ಲಬೇಕು.